ಲಂಗರು ಹಾಕಬಾರದ ನೀರು

ಕಾಪು
12-3-1981

ಪ್ರಿಯ ಕುಂಞಿ ಮೊಹಮ್ಮದ್,

ಕಳೆದ ಫೆಬ್ರವರಿಯಲ್ಲಿ ನಿಮ್ಮ ವಿಚಾರಣಾ ಸಮಿತಿ, ಮುಳುಗಿ ಸತ್ತ ನನ್ನ ಮಗ ಫೌಸ್ಟಿನನನ್ನು ತಪ್ಪಿತಸ್ಥನೆಂದು ಬರೆಯಿತು. ಕೆಳಗೆ ನಿನ್ನ ಸಹಿ ಉಂಟು. ಬರೆಯಲು ತಡವಾಯಿತು, ಕ್ಷಮಿಸು. ಸಿಟ್ಟು ಬರಲಿ ಎಂದು ಕಾದೆ, ಅದೂ ಬರಲಿಲ್ಲ. ಮನೆಯಲ್ಲಿ ನಫೀಸಮ್ಮನವರ ಮಂಡಿನೋವು ಹೇಗಿದೆ? ಇಲ್ಲಿ ಬಾವಿಯ ನೀರು ಇಳಿದಿದೆ. ಬೇರೆ ಸುದ್ದಿಯಿಲ್ಲ.

ಸಮುದ್ರ ಶಾಂತವಾಗಿತ್ತು, ದೋಣಿ ನಡೆಸುತ್ತಿದ್ದ ಫೌಸ್ಟಿನ್ ಲಂಗರು ಹಾಕದೆ ಬಲೆ ಎಳೆಸಿದ, ಆದ್ದರಿಂದ ದೋಣಿ ಮಗುಚಿ ಅವನೂ ಜೊತೆಗಿದ್ದ ಸುಂದರನೂ ಸತ್ತರು ಎನ್ನುತ್ತದೆ ವರದಿ.

ದೋಣಿ ಮಗುಚಿದ ಆ ಜಾಗ ನಿನಗೆ ಗೊತ್ತು. ನೀರಿನಡಿ ಕಲ್ಲಿನ ಗುಡ್ಡ. ಪ್ರವಾಹ ಅದಕ್ಕೆ ಬಡಿದಾಗ ಅಡಿಯ ತಣ್ಣೀರು ಮೇಲೇರಿ ಬೆಚ್ಚನೆಯ ನೀರಿನೊಡನೆ ಕಲಸಿಹೋಗುತ್ತದೆ. ಆಚೆ ಬದಿಯಲ್ಲಿ ಸುಳಿಯೇಳುತ್ತದೆ. ಮಹಾಸಾಗರಗಳಲ್ಲಿ ಮುಳುಗಿದ ಪರ್ವತಗಳ ಮೇಲೂ ಹೀಗೆಯೇ ಎಂದು ಮಣಿಪಾಲದ ಲೈಬ್ರರಿಯಲ್ಲಿ ಓದಿದೆ. ಅಡಿಯ ಆಹಾರ ಮೇಲೆ ಬರುವುದರಿಂದಲೇ ಅಲ್ಲಿ ಬೂತಾಯಿ ಮೀನು ಸೇರುವುದು. ಗಾಳಿಯಿಲ್ಲದ ದಿನವೂ ಆ ಸುಳಿ ನಿಲ್ಲುವುದಿಲ್ಲ.

ಶಾಲೆಗೆ ಚಕ್ಕರ್ ಹೊಡೆದು ನಾವಿಬ್ಬರೂ ಭೋಜಣ್ಣನ ದೋಣಿಯಲ್ಲಿ ಅಲ್ಲಿಗೆ ಹೋಗಿದ್ದೆವಲ್ಲ. ನೀನು ವಾಂತಿ ಮಾಡುತ್ತಲೇ ಇದ್ದೆ. "ಸಾಕು ಮಾರಾಯ, ಮೀನುಗಳಿಗೂ ಹೊಟ್ಟೆ ತುಂಬಿತು" ಎಂದು ಅವರು ಗೇಲಿ ಮಾಡಿದರು. ಲಂಗರು ಇಳಿಸಲೇ ಎಂದು ಕೇಳಿದವನು ನೀನೇ. ಅವರ ನಗು ನಿಂತಿತು. "ಇಲ್ಲಿ ಯಾರೂ ಹಾಕುವುದಿಲ್ಲ. ಅದು ಕಲ್ಲಿಗೆ ಸಿಕ್ಕಿಕೊಳ್ತದೆ, ಸುಳಿ ದೋಣಿಯನ್ನು ತಿರುಗಿಸ್ತದೆ, ಹಗ್ಗ ಮೂತಿಯನ್ನು ಕೆಳಗೆ ಎಳೀತದೆ." ಕಾಪುವಿನವರು ಇಂದಿಗೂ ಅಲ್ಲಿ ಲಂಗರು ಹಾಕುವುದಿಲ್ಲ. ಸಮಿತಿಯಲ್ಲಿ ಈ ಊರಿನವನು ನೀನೊಬ್ಬನೇ.

ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಸಹಿ ಯಾಕೆ ಹಾಕಿದೆ ಎಂದು ನಾನು ಕೇಳಿದೆ. "ಅಧಿಕಾರಿಗಳು ಬರೆದೇ ತಂದಿದ್ದರು, ರೊಸಾರಿಯೊ. ಸತ್ತವನಿಗೆ ಇನ್ನು ಎಂತ ನಷ್ಟ ಉಂಟು?" ಎಂದೆ ನೀನು. ನನ್ನ ಬಸ್ಸು ಬಂತು, ಹತ್ತಿದೆ.

ನಿನ್ನ ಮಕ್ಕಳು, ಮೊಮ್ಮಕ್ಕಳು ಚೆನ್ನಾಗಿರಲಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ನಿನ್ನ
ರೊಸಾರಿಯೊ

ಮರೆತ ಮಾತು: ಸಂಜೆಯ ಪ್ರಾರ್ಥನೆಯಲ್ಲಿ ತೀರಿಹೋದವರನ್ನು ನೆನೆಯುವಾಗ ಸೊಸೆ ಕಾನ್ಸೆಪ್ಟಾ ಸುಂದರನ ಹೆಸರು ಹೇಳುತ್ತಾಳೆ, ಗಂಡನದ್ದು ಹೇಳುವುದಿಲ್ಲ. ಯಾಕೆಂದು ಕೇಳಿದೆ. "ಸರಕಾರವೇ ಬರೆದಿದೆಯಲ್ಲ ಮಾಂವ್, ಸುಂದರನನ್ನು ಕೊಂದದ್ದು ಇವರೇ ಅಂತ" ಎಂದಳು. ನಾನು ಎಷ್ಟು ವಿವರಿಸಿದರೂ ಅದು ಮಗನನ್ನು ಬಿಟ್ಟುಕೊಡದ ಅಪ್ಪನ ಮಾತಾಗುತ್ತದೆ. ನೀನು ನನಗೆ ಪತ್ರ ಬರೆಯಬೇಡ. ಅಲ್ಲಿ ಲಂಗರು ಹಾಕಬಾರದೆಂದು ತಿಳಿದೂ ಯಾಕೆ ಸಹಿ ಹಾಕಿದೆ ಎಂಬುದನ್ನು ನಿನ್ನ ಹೆಸರಿನಲ್ಲೇ ಪತ್ರಿಕೆಗೆ ಬರೆ. ಅವಳು ಓದಬೇಕು, ಊರೂ ಓದಬೇಕು.