ಕಂಸದೊಳಗಿನ ಸೊನ್ನೆ

ಪ್ರೀತಿಯ ಲೈನಕ್ಕನಿಗೆ,

ನಿಮ್ಮ ಹೆಸರನ್ನು ನಾನು ಆಗ ಕೇಳಲೇ ಇಲ್ಲ. ಆಸ್ಪತ್ರೆಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ನೀವು ನಿವೃತ್ತರಾಗಿ ಹೊರದೇಶದಲ್ಲಿ ಮಗಳ ಜೊತೆಗಿದ್ದೀರೆಂದು ಇಪ್ಪತ್ತೆರಡು ವರ್ಷಗಳ ಮೇಲೆ ತಿಳಿದು, ವಿಳಾಸ ಹುಡುಕಿಸಿ ಬರೆಯುತ್ತಿದ್ದೇನೆ.

ಮೆಟ್ಟಿಲ ಕೆಳಗಿನ ನಿಮ್ಮ ಟೆಲಿಫೋನ್ ಸ್ವಿಚ್‌ಬೋರ್ಡ್ ಕೋಣೆಗೆ ನಾನು ಬಂದದ್ದು ಅಪ್ಪನ ಹೃದಯದ ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ. ಅಪ್ಪನ ಮಾತು ಮೀರಿ ಹೊರದೇಶಕ್ಕೆ ನರ್ಸ್ ಕೆಲಸಕ್ಕೆ ಹೋದ ನನ್ನ ಅಕ್ಕ, ಮೂರು ವರ್ಷ ಸುಮ್ಮನಿದ್ದು, ಕಾಗದ ಬರೆದು ತನ್ನ ನಂಬರ್ ಕೊಟ್ಟಿದ್ದಳು. ಎರಡು ದಿನ ಆಸ್ಪತ್ರೆಯೆದುರಿನ ಫೋನ್ ಬೂತಿನಿಂದ ಅದನ್ನು ಒತ್ತಿದ್ದೆ. ಪ್ರತಿ ಸಲವೂ ಅದೇ ಧ್ವನಿ: ಈ ನಂಬರ್ ಚಾಲ್ತಿಯಲ್ಲಿಲ್ಲ. "ಬೇಕಂತಲೇ ತಪ್ಪು ನಂಬರ್ ಕೊಟ್ಟಿದ್ದಾಳೆ ಬಿಡೋ," ಎಂದು ಅಪ್ಪ ಗೋಡೆಯ ಕಡೆ ಹೊರಳಿದ್ದರು. ಅದನ್ನೇ ನಂಬಿಕೊಂಡು ಆಪರೇಷನ್ ಥಿಯೇಟರಿಗೆ ಹೋಗಿಬಿಟ್ಟರೆ ಎಂಬುದು ನನ್ನ ಭಯ.

ನೀವು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, ಅಕ್ಕನ ನಂಬರಿದ್ದ ನನ್ನ ಚೀಟಿ ನೋಡಿದಿರಿ. ಪ್ಲಸ್ ಗುರುತು, ದೇಶದ ಕೋಡ್, ಕಂಸದೊಳಗೊಂದು ಸೊನ್ನೆ, ಆಮೇಲೆ ಊರಿನ ಕೋಡ್, ನಂಬರ್.

"ಇದನ್ನೂ ಒತ್ತಿದ್ಯಾ?" ಪೆನ್ಸಿಲಿನ ತುದಿ ಸೊನ್ನೆಯ ಮೇಲಿತ್ತು.

"ಬರೆದಿದ್ದನ್ನೆಲ್ಲ ಒತ್ತಿದೆ ಅಕ್ಕ. ಒಂದೂ ಬಿಟ್ಟಿಲ್ಲ."

"ಅಲ್ಲೇ ಎಡವಟ್ಟಾಗಿದ್ದು. ಪ್ಲಸ್ ಅಂದ್ರೆ ನಮ್ಮ ದೇಶದಿಂದ ಆಚೆ ಹೋಗೋ ಕೋಡ್ ಒತ್ತು ಅಂತ. ಆಮೇಲೆ ಅವರ ದೇಶದ್ದು. ಈ ಸೊನ್ನೆ ಆ ದೇಶದೊಳಗೇ ಇರೋರಿಗೆ, ಹೊರಗಿಂದ ಮಾಡೋರು ಬಿಟ್ಟುಬಿಡಬೇಕು. ಕೆಲವು ದೇಶಕ್ಕೆ ಬಿಡೋ ಹಾಗಿಲ್ಲ, ಅದು ಬೇರೆ ತಲೆನೋವು. ನಿಮ್ಮಕ್ಕ ಸರಿಯಾಗೇ ಬರೆದಿದ್ದಾಳೆ ಕಣಪ್ಪ."

ಆ ಕೊನೆಯ ಮಾತಿಗಾಗಿ ಈ ಕಾಗದ.

ನೀವು ವಾರ್ಡಿನ ಫೋನಿಗೆ ಲೈನ್ ಕೊಟ್ಟಿರಿ. ಅಪ್ಪ ರಿಸೀವರ್ ಹಿಡಿದು ಎದ್ದು ಕೂತರು. ಆಮೇಲೆ ಹೇಳಿದ್ದು ಇಷ್ಟೇ: "ನಿಂದೇನೂ ತಪ್ಪಿಲ್ಲ ಮಗಳೇ. ನಮಗೇ ಒತ್ತೋಕೆ ಬರ್ಲಿಲ್ಲ." ಅಕ್ಕ ಅತ್ತದ್ದು ಮಂಚದ ಈಚೆ ನಿಂತಿದ್ದ ನನಗೂ ಕೇಳಿಸಿತು.

ಅಪ್ಪ ಇನ್ನೂ ಹನ್ನೊಂದು ವರ್ಷ ಬದುಕಿದರು. ಭಾನುವಾರ ಬಂತೆಂದರೆ ಕನ್ನಡಕ ಏರಿಸಿ ಅಕ್ಕನ ನಂಬರನ್ನು ತಾವೇ ಒತ್ತುತ್ತಿದ್ದರು. ನಾನು ಹತ್ತಿರ ಹೋದರೆ, "ಸೊನ್ನೆ ಒತ್ತೋನು ದೂರ ಇರು," ಎನ್ನುತ್ತಿದ್ದರು. ಅಪ್ಪನನ್ನು ಉಳಿಸಿಕೊಟ್ಟ ಡಾಕ್ಟರಿಗೆ ಅಂದೇ ಕೈಮುಗಿದಿದ್ದೆ. ಆ ಭಾನುವಾರಗಳಿಗಾಗಿ ನಿಮಗೆ ಕೈಮುಗಿಯುವುದು ಉಳಿದಿತ್ತು.

ನಾನೀಗ ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಹೊರದೇಶದ ಸಹಾಯವಾಣಿ ನಂಬರ್ ಯಾವುದಿದ್ದರೂ ಅಚ್ಚಿಗೆ ಹೋಗುವ ಮೊದಲು ಒತ್ತಿ ನೋಡುತ್ತೇನೆ.

ಕೊನೆಯಲ್ಲಿ ನನ್ನ ನಂಬರಿದೆ. ಪ್ಲಸ್‌ನಿಂದ ಶುರು, ಕಂಸವಿಲ್ಲ. ಬರೆದಿದ್ದನ್ನೆಲ್ಲ ಒತ್ತಿ ಅಕ್ಕ. ಒಂದೂ ಬಿಡಬೇಡಿ.

ನಿಮ್ಮ ಕಿವಿಗೆ ಸದಾ ಒಳ್ಳೆಯ ಸುದ್ದಿಯೇ ಬೀಳಲಿ.

ಇಂತಿ,
ಸೊನ್ನೆ ಒತ್ತಿದ ನಿಮ್ಮ ತಮ್ಮ