ಗೌರಕ್ಕನ ಬೇವು, ನನ್ನ ಹಾಡು

ಗೌರಕ್ಕಾ,

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ನನಗೆ ಒಂದೇ ಮಾತು ಹೇಳಿದರು: ಸಮಾಧಾನ ಮಾಡಿಕೋ, ಆದದ್ದು ಆಗಿಹೋಯಿತು. ನಾನು ಸಮಾಧಾನ ಮಾಡಿಕೊಳ್ಳಲಿಲ್ಲ. ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಚನ್ನವೀರಪ್ಪ ಸಾವಕಾರನ ಮೇಲೆ ಹೇಗೆ ಸೇಡು ತೀರಿಸಿಕೊಂಡೆ ಎಂಬುದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ? ನೀನಿದ್ದರೆ ಬೈಯುತ್ತಿದ್ದೆಯೋ, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆಯೋ... ಇರಲಿ, ಕೇಳು.

ನಾನು ಮದುವೆಯಾಗಿ ಕುಪ್ಪೇಲೂರಿನಿಂದ ಬ್ಯಾಡಗಿಗೆ ಬಂದ ವರ್ಷ ನೆನಪಿದೆಯೇ? ಪಿಯುಸಿ ಮುಗಿಸಿದ್ದ ನನಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಬರುತ್ತಿರಲಿಲ್ಲ. ಸಾವಕಾರನ ಕಣದಲ್ಲಿ ಕೆಲಸಕ್ಕೆ ಕುಳಿತ ಮೊದಲ ದಿನವೇ ಅದೇ ಕೈಯಿಂದ ಕಣ್ಣು ಉಜ್ಜಿಕೊಂಡು ಅಳತೊಡಗಿದೆ. ನೀನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಬೇವಿನ ಮರದ ಕೆಳಗೆ ಕೂರಿಸಿದೆ. "ಕಣ್ಣು ತಿಕ್ಕಬ್ಯಾಡ ಹುಚ್ಚಿ, ಗಾಳಿಗೆ ಮುಖಾ ಒಡ್ಡು" ಅಂದೆ. ಅಲ್ಲಿ ಎರಡು ಬೇವಿನ ಮರಗಳಿದ್ದವು. ಕೊಂಬೆಗಳಿಗೆ ಹಳೆಯ ಸೀರೆ ಕಟ್ಟಿ ನಾಲ್ಕೈದು ಕೂಸುಗಳನ್ನು ಮಲಗಿಸಿದ್ದರು. ಯಾರು ನೆಟ್ಟದ್ದು ಎಂದು ಕೇಳಿದೆ.

"ನಾನ. ನನ್ನ ಮಗಳು ತೊಟ್ಟಲ ಕೂಸಿದ್ದಾಗ ಬಿಸಲಾಗ ಮಲಗಸಾಕ ಜಾಗಾ ಇರಲಿಲ್ಲ, ಅದಕ್ಕ ಹಚ್ಚಿದೆ. ಗಿಡಾ ದೊಡ್ಡದಾಗೂದ್ರಾಗ ಅಕಿ ದೊಡ್ಡಾಕಿ ಆಗಿ ಸಾಲಿಗೆ ಹೋಗಾಕತ್ತಿದ್ಲು. ಆದ್ರ ಏನಾತು? ಮಂದಿ ಕೂಸು ಮಲಗ್ಯಾವಲ್ಲ."

ನೀನು ಹಾಡುತ್ತಿದ್ದ ಮಧ್ಯಾಹ್ನಗಳನ್ನು ಮರೆಯುವುದು ಹೇಗೆ? ನೀನು ಓದು ಬರಹ ಕಲಿತವಳಲ್ಲ. ಕೈ ಮೆಣಸಿನಕಾಯಿಯ ಮೇಲೆ, ಬಾಯಿ ಹಾಡಿನ ಮೇಲೆ. ಗಿಡದ ಹಾಡು ಕಟ್ಟುವವರೆಲ್ಲ ಹೂವು ಹಣ್ಣನ್ನು ಹೊಗಳುತ್ತಾರೆ, ನೀನು ಮಾತ್ರ ನೀರು ಹಾಕುವುದನ್ನು ಹಾಡುತ್ತಿದ್ದೆ.

ಬೇವಿನ ಸಸಿ ಹಚ್ಚಿ ಬೊಗಸಿ ನೀರುಣಿಸೇನ
ಬ್ಯಾಸಗಿ ಬಿಸಿಲ ಹಾದ್ಯಾಗ । ಬಂದವರಿಗೆ
ಸೆರಗ ಹಾಸ್ಯಾಳ ಹಸರವ್ವ

'ಹಸರವ್ವ' ಎಂದು ನೀನು ಎಳೆದು ಹಾಡಿದಾಗ ಗಾದಿಯ ಮೇಲೆ ಕುಳಿತ ಸಾವಕಾರನೂ ತಲೆದೂಗುತ್ತಿದ್ದ. ಅವನ ಕಿವಿಗೆ ಅದು ಹೋಗುತ್ತಿದೆಯಲ್ಲ ಎಂದು ನಾವು ಹಿಗ್ಗುತ್ತಿದ್ದೆವು. ಎಂಥ ಮಂಕು ನಾವು! ನನಗೂ ಹಾಡು ಕಟ್ಟಲು ಕಲಿಸಿದವಳು ನೀನೇ. ನಾನು ಕಟ್ಟಿದ್ದು ಸಪ್ಪಗಿದೆ ಎಂದು ನೀನು ಎಷ್ಟು ಸಲ ಮುಖ ಕಿವಿಚಿದೆಯೋ. "ಸಾಲಿ ಪುಸ್ತಕದಂಗ ಆತು. ಹಾಡು ಅಂದ್ರ ಕೇಳಿದವ್ರು ಮನಿಗೆ ಒಯ್ಯಬೇಕು" ಎನ್ನುತ್ತಿದ್ದೆ.

ಇನ್ನು ಮರ ಕಡಿದ ಬೆಳಗಿನ ಮಾತು. ನಾವು ಬರುವಷ್ಟರಲ್ಲಿ ಒಂದು ಮರ ನೆಲಕ್ಕೆ ಬಿದ್ದಿತ್ತು. ಲಾರಿ ತಿರುಗಲು ಜಾಗ ಬೇಕು, ತಗಡಿನ ಶೆಡ್ಡು ದೊಡ್ಡದಾಗಬೇಕು ಅಂದರು. ನೀನು ಓಡಿಹೋಗಿ ಇನ್ನೊಂದು ಮರದ ಬುಡಕ್ಕೆ ಬೆನ್ನು ಹಚ್ಚಿ ನಿಂತೆ.

"ಸಾವಕಾರ್ರ, ಇದೊಂದ ಬಿಡ್ರಿ. ನಾ ಹಚ್ಚಿದ್ದರಿ ಇದು."

"ಗಿಡಾ ನೀ ಹಚ್ಚಿರಬೇಕು, ಜಾಗಾ ಯಾರದು?"

"ಜಾಗಾ ನಿಮ್ಮದರಿ. ಆದ್ರ ಕೂಸುಗಳು..."

"ನೆಳ್ಳು ಬೇಕಂದ್ರ ಮನ್ಯಾಗ ಕುಂದ್ರು. ಸರಿ ಆಚೆ."

ಆಳುಗಳು ನಿನ್ನನ್ನು ಪಕ್ಕಕ್ಕೆ ಸರಿಸಿ ಅದನ್ನೂ ಕಡಿದರು. ಪಾಪ, ಅವರೂ ನಿನ್ನ ಮುಖ ನೋಡಲಿಲ್ಲ. ನೀನು ಅಳಲಿಲ್ಲ. ಬಿದ್ದ ಕೊಂಬೆಗಳಿಂದ ತೊಟ್ಟಿಲ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ ಮಡಚಿ ಅವರವರ ತಾಯಂದಿರಿಗೆ ಕೊಟ್ಟೆ. ಅಂದಿನಿಂದ ಕಣದಲ್ಲಿ ನೀನು ಹಾಡಲಿಲ್ಲ.

ಆಮೇಲೆ ನೀನು ಹಾಸಿಗೆ ಹಿಡಿದೆ. ಕೆಮ್ಮು ಮೊದಲಿನಿಂದಲೂ ಇತ್ತು, ಈಗ ಬಿಡಲೇ ಇಲ್ಲ. ಒಂದು ದಿನ ನಾನು ನಿನಗೆ ಗಂಜಿ ಕುಡಿಸುತ್ತಿದ್ದೆ, ನಿನ್ನ ಮನೆಯ ಹಿಂದಿನ ಮೈದಾನದಲ್ಲಿ ಸಸಿ ನೆಡುವ ಕಾರ್ಯಕ್ರಮ ನಡೆಯುತ್ತಿತ್ತು. ಮೈಕಿನಲ್ಲಿ ಸಾವಕಾರನ ದನಿ. ಗಿಡ ಮರಗಳೆಂದರೆ ತನಗೆ ಪ್ರಾಣವಂತೆ. ಗಿಡದ ಮೇಲೆ ತಾನೇ ಒಂದು ಪದ ಕಟ್ಟಿದ್ದಾನಂತೆ. ಎಲ್ಲರೂ ಕೇಳಬೇಕಂತೆ. 'ಬೇವಿನ ಸಸಿ ಹಚ್ಚಿ' ಎಂದು ಶುರು ಮಾಡಿದನಲ್ಲ, ನಿನ್ನ ತುಟಿಯಲ್ಲಿದ್ದ ಗಂಜಿ ಅಲ್ಲೇ ನಿಂತಿತು. ಹಸರವ್ವ ಎನ್ನುವಲ್ಲಿ ನೀನು ಎಳೆಯುತ್ತಿದ್ದ ಹಾಗೆಯೇ ಎಳೆದ. ಚಪ್ಪಾಳೆ ಬಿತ್ತು. ಅವನಿಗೆ ಶಾಲು ಹೊದಿಸಿದರು ಎಂದೂ ಮೈಕು ಹೇಳಿತು.

ನೀನು ನನ್ನನ್ನೇ ನೋಡಿದೆ. "ಶಕ್ಕೂ, ಅದು ನಂದಲ್ಲೇನ?" ಎಂದೆ. ನಿನಗೇ ಅನುಮಾನ ಬಂದ ಹಾಗೆ. ಮರ ಹೋದಾಗ ಆಗದ ಸಂಕಟ ಆ ಒಂದು ಮಾತಿಗೆ ನನಗಾಯಿತು. "ನಿಂದ ಅಕ್ಕಾ, ನಿಂದ" ಎಂದು ನಾನು ಎಷ್ಟು ಹೇಳಿದರೂ ನೀನು ಗೋಡೆಯ ಕಡೆ ತಿರುಗಿ ಮಲಗಿದೆ. ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟೆ. ಸೇಡು ತೀರಿಸು ಎಂದು ನೀನು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲವಲ್ಲ?

ನಿನ್ನ ದಿನದ ಕಾರ್ಯ ಮುಗಿಸಿ ಕೆಲಸಕ್ಕೆ ಹೋದ ಬೆಳಿಗ್ಗೆ ಹೊಸ ತಗಡಿನ ಕೆಳಗೆ ಕುಳಿತೆ. ಕಾದ ಕಾವಲಿಯ ಮೇಲೆ ಕುಳಿತ ಹಾಗಿತ್ತು. ಕೂಸುಗಳು ಕಿರುಚುತ್ತಿದ್ದವು. ಸಾವಕಾರ ಗಾದಿಯ ಮೇಲೆ ಫ್ಯಾನಿನ ಕೆಳಗಿದ್ದ. ಆಗ ನನ್ನ ಬಾಯಲ್ಲಿ ಬಂತು, ಸಪ್ಪಗಿರದ ಮೊದಲ ಹಾಡು:

ಬೆಳದ ಬೇವಿನ ಬುಡಕ ಕೊಡಲಿಯ ಹಾಕಿದವ
ಬಿಳಿ ಅಂಗಿ ತೊಟ್ಟು ಗಿಡದ್ಹಾಡ । ಹಾಡ್ಯಾನ
ನೆಳ್ಳೂ ಅವನ ಬಿಟ್ಟು ನಡದೈತಿ

ಎರಡನೇ ಸಲ ಹಾಡಿದಾಗ ಪಕ್ಕದವಳು ಮೂರನೇ ಸಾಲಿಗೆ ದನಿ ಕೂಡಿಸಿದಳು. ಆಮೇಲೆ ಇಡೀ ಕಣ. ಸಾವಕಾರ ಎದ್ದು ಬಂದು "ನಾಳಿಂದ ನೀ ಬರಬ್ಯಾಡ" ಎಂದ. ನಾನು ಸೆರಗು ಝಾಡಿಸಿಕೊಂಡು ಆಗಲೇ ಎದ್ದೆ. ನನ್ನನ್ನು ತೆಗೆದ, ಹಾಡನ್ನು ಹೇಗೆ ತೆಗೆದಾನು? ಕಣಕ್ಕೆ ಬರುವ ಹೆಂಗಸರು ಸುತ್ತಲಿನ ಹಳ್ಳಿಗಳಿಂದ ಟೆಂಪೋದಲ್ಲಿ ಬರುವವರು. ಸಂಜೆ ಅವರೊಂದಿಗೆ ಹಾಡೂ ಊರಿಗೆ ಹೋಯಿತು. ನಾನು ಬೇರೆ ಕಣದಲ್ಲಿ ಕೆಲಸ ಹಿಡಿದೆ, ಅಲ್ಲಿಯೂ ಹಾಡಿದೆ. ಕಾಗಿನೆಲೆಗೆ ಹೋಗುವ ಬಸ್ಸಿನಲ್ಲಿ ಒಬ್ಬಳು ಮುದುಕಿ ಅದನ್ನೇ ಗುನುಗುತ್ತಿದ್ದಳು. ನನ್ನ ಮೈ ಝುಮ್ಮೆಂದಿತು.

ಅವನು ಸುಮ್ಮನಿರಲಿಲ್ಲ. ಮಂದಿಯ ಬಾಯಿ ಮುಚ್ಚಿಸಲು ರಸ್ತೆಯುದ್ದಕ್ಕೂ ಸಸಿ ನೆಡಿಸಿದ, ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡ. ಬೇಲಿ ಇಲ್ಲ, ನೀರಿಲ್ಲ, ಊರ ಆಡುಗಳು ಮೇಯ್ದು ಮುಗಿಸಿದವು. ಇನ್ನೊಂದು ನುಡಿ ತಾನಾಗಿ ಹುಟ್ಟಿತು:

ಕ್ಯಾಮರಾ ಬಂದಾಗ ಕೈಯಾಗ ಸಸಿ ಹಿಡದ
ಕ್ಯಾಮರಾ ಹೋತು ಕೈ ತೊಳದ । ಸಾವಕಾರ
ಊರ ಆಡಿಗೆಲ್ಲ ಉಣಿಸ್ಯಾನ

ಮುಂದಿನದು ಕೇಳು ಅಕ್ಕಾ, ಇದು ನಾನು ಬೇಕೆಂದೇ ಮಾಡಿದ್ದು. ಅವನ ಮಗನಿಗೆ ಗೊತ್ತಾದ ಹೆಣ್ಣು ನನ್ನ ತವರು ಕುಪ್ಪೇಲೂರಿನವಳು. ಅಲ್ಲಿ ಮದುವೆ ಎಂದರೆ ನನ್ನ ಚಿಕ್ಕಮ್ಮ, ನೀಲವ್ವ ಚಿಗವ್ವ, ಹಾಡಲೇಬೇಕು. ಹಬ್ಬಕ್ಕೆ ಹೋದಾಗ ಆಕೆಗೆ ಮೊದಲ ನುಡಿ ಕಲಿಸಿದೆ. ಅದು ಯಾರ ಮೇಲಿನದು ಎಂದು ಹೇಳಲಿಲ್ಲ. "ಬೀಗರನ್ನ ಚ್ಯಾಷ್ಟಿ ಮಾಡಾಕ ಚಲೋ ಐತಲ್ಲ ಬೇ" ಎಂದೆನಷ್ಟೆ.

ರಾಣೇಬೆನ್ನೂರಿನ ಕಲ್ಯಾಣ ಮಂಟಪದಲ್ಲಿ ಮದುವೆ. ಹೆಣ್ಣಿನ ಕಡೆಯವಳಾಗಿ ನಾನೂ ಹೋಗಿದ್ದೆ. ಬೀಗರು ಊಟಕ್ಕೆ ಕುಳಿತಾಗ ಚಿಗವ್ವ ಎದುರಿಗೆ ನಿಂತು ದನಿ ತೆಗೆದಳು. ಅದು ಯಾರ ಮೇಲಿನ ಹಾಡೆಂದು ಬ್ಯಾಡಗಿಯವರ ಪಂಕ್ತಿಗೆಲ್ಲ ಗೊತ್ತಿತ್ತು. ಹೋಳಿಗೆ ಮುರಿಯುತ್ತಿದ್ದ ಸಾವಕಾರನ ಕೈ ನಿಂತಿತು. ನೆಳ್ಳೂ ಅವನ ಬಿಟ್ಟು ನಡದೈತಿ ಎಂದು ಕುಪ್ಪೇಲೂರಿನ ಹೆಂಗಸರೆಲ್ಲ ನಗುನಗುತ್ತ ಸೊಲ್ಲು ಕೂಡಿಸಿದರು. ಹಿಂದಿನ ಸಾಲಿನಲ್ಲಿ ಅವನದೇ ಅಂಗಡಿಯ ಹಮಾಲನೊಬ್ಬ ಕಿಸಕ್ಕೆಂದ. ಅಷ್ಟೇ ಸಾಕಾಯಿತು, ಪಂಕ್ತಿಯುದ್ದಕ್ಕೂ ನಗು ಹರಿಯಿತು. ಸಾವಕಾರ ಎಂಜಲ ಕೈಯಲ್ಲೇ ಎದ್ದ.

ಹೆಣ್ಣಿನ ತಂದೆ ಗಾಬರಿಯಾಗಿ ಓಡಿ ಬಂದ. "ಯಾಕ್ರಿ ಬೀಗರ, ಏನಾತ್ರಿ?"

"ಏನಿಲ್ಲ. ಖಾರ ನೆತ್ತಿಗೇರೇತಿ."

ಬ್ಯಾಡಗಿಯ ಮೆಣಸಿನಕಾಯಿ ಸಾವಕಾರನಿಗೆ ಖಾರ! ಮದುಮಗಳು ತಲೆ ತಗ್ಗಿಸಿದ್ದನ್ನು ಕಂಡಾಗ ಮಾತ್ರ, ಈ ಹುಡುಗಿಯದೇನು ತಪ್ಪು ಎಂದು... ಬಿಡು. ಆಮೇಲೆ ನಾನು ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡು ಉಂಡೆ.

ಅದಾದ ಮೇಲೆ ಒಂದು ಸಂಜೆ ಅವನೇ ನಮ್ಮ ಮನೆಗೆ ಬಂದ. ಒಳಗೆ ಕರೆದರೂ ಬರಲಿಲ್ಲ, ಕಟ್ಟೆಯ ಮೇಲೆ ಕುಳಿತ.

"ಏನ್ ಬೇಕವಾ ನಿನಗ? ಕೆಲಸಾ ಬೇಕಂದ್ರ ನಾಳೇನ ಬಾ."

"ಕೆಲಸಾ ಐತ್ರಿ ನನಗ."

"ಗೌರವ್ವನ ಹೆಸರಲೆ ಒಂದು ಬೋರ್ಡ್ ಬರಸ್ತೇನಿ. ನೂರು ಸಸಿ ಹಚ್ಚಸ್ತೇನಿ."

"ನೂರು ಬ್ಯಾಡ್ರಿ, ಎರಡ ಹಚ್ರಿ. ತಗಡಾ ತಗಿಸಿ, ಆ ಗಿಡಾ ಇದ್ದ ಜಾಗಾದಾಗ. ನೀರು ಮಾತ್ರ ನೀವ ಹೊತ್ತು ಹಾಕಬೇಕು. ಆ ಹಾಡು ಗೌರಕ್ಕಂದು ಅಂತ ಎಲ್ಲಾರ ಮುಂದ ಹೇಳಬೇಕು."

"ಅಷ್ಟು ಮಾಡಿದ್ರ ನಿನ್ನ ಹಾಡು ನಿಂದರಸ್ತೀ?"

"ಆ ಗಿಡದ ನೆಳ್ಳಿನ್ಯಾಗ ಒಂದು ಕೂಸು ಮಲಗಿದ ದಿನಾ ನಿಂದರಸ್ತೇನ್ರಿ."

"ನನಗ ಎಷ್ಟು ವಯಸ್ಸಾಗೇತಿ ಗೊತ್ತೈತೇನ?" ಎಂದ.

"ಗೊತ್ತೈತ್ರಿ. ಕಡಿಯೂ ಮೊದಲ ಅದನ್ನ ನೀವು ವಿಚಾರ ಮಾಡಬೇಕಿತ್ತರಿ."

ಈಗಿನ ಸುದ್ದಿ ಹೇಳುತ್ತೇನೆ. ಅವನು ತಗಡು ತೆಗೆಸಿದ. ಕಣದ ಹೆಂಗಸರ ಮುಂದೆ ನಿಂತು ಹಾಡು ನಿನ್ನದೆಂದು ಹೇಳಿದ, ಕಿವಿ ಕೆಂಪಗೆ ಮಾಡಿಕೊಂಡು. ಬೇವಿನ ಸಸಿ ಎರಡು ನೆಟ್ಟ, ಒಂದು ಒಣಗಿತು, ಮತ್ತೆ ತಂದು ನೆಟ್ಟ. ದಿನಾ ಬೆಳಿಗ್ಗೆ ಬಿಳಿ ಅಂಗಿಯ ತೋಳು ಮಡಚಿ ಕೊಡ ಹೊರುತ್ತಾನೆ, ಸೊಂಟ ಹಿಡಿದುಕೊಂಡು ನಿಲ್ಲುತ್ತಾನೆ. ನನಗೆ ಕನಿಕರ ಬಂತೇ ಎಂದು ಕೇಳಬೇಡ. ಕೆಲಸಕ್ಕೆ ಹೋಗುವಾಗ ಆ ದಾರಿಯಲ್ಲೇ ಹೋಗುತ್ತೇನೆ, ಬೇಲಿಯ ಹತ್ತಿರ ಬಂದಾಗ ದನಿ ಎತ್ತರಿಸುತ್ತೇನೆ.

ಗಿಡ ಮೊದಲು ಬೆಳೆಯುತ್ತದೋ, ಅವನು ಮೊದಲು ಹೋಗುತ್ತಾನೋ ನನಗೆ ಗೊತ್ತಿಲ್ಲ. ಎರಡಕ್ಕೂ ಒಂದೊಂದು ನುಡಿ ಕಟ್ಟಿ ಇಟ್ಟಿದ್ದೇನೆ. ನಿನ್ನ ಮುಂದೆ ಯಾಕೆ ಸುಳ್ಳು ಹೇಳಲಿ ಅಕ್ಕಾ, ಎರಡನೆಯದೇ ಚೆನ್ನಾಗಿ ಬಂದಿದೆ.

ನಿನ್ನ
ಶಕ್ಕೂ