ಚುಕ್ಕಿ ಕೊಟ್ಟು ಪಡೆದ ತಟ್ಟೆ

ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಮೊಂಡಿ,

ಚೆನ್ನಾಗಿದ್ದೀಯ ತಾನೇ? ನಿನ್ನ ಕಾಗದಕ್ಕೆ ಐದು ತಿಂಗಳು ಉತ್ತರ ಬರೆಯದೆ ಕೂತೆ. ಕೆಲಸವಿತ್ತು ಎಂದರೆ ನೀನು ನಂಬುವವಳಲ್ಲ, ಆದರೂ ಇತ್ತು.

ಮೊದಲು ಸುದ್ದಿ. ನಿನ್ನ ತಟ್ಟೆ ಇದೆ. ಸೂರ್ಯನ ಇಪ್ಪತ್ತು ಪಟ್ಟು ತೂಕದ ಆ ಎಳೆಯ ನಕ್ಷತ್ರದ ಸುತ್ತ, ಧೂಳಿನ ಮುಸುಕಿನೊಳಗೆ, ಅನಿಲ ತಟ್ಟೆಯಾಗಿ ಸುತ್ತುತ್ತಿದೆ. ಒಂದು ಅಂಚು ನಮ್ಮತ್ತ ಬರುತ್ತದೆ, ಇನ್ನೊಂದು ದೂರ ಸರಿಯುತ್ತದೆ. ನಕ್ಷತ್ರಕ್ಕೆ ಹತ್ತಿರವಾದಷ್ಟೂ ವೇಗ ಹೆಚ್ಚು. ಇಷ್ಟು ಭಾರದ ನಕ್ಷತ್ರವೂ ಸಣ್ಣವುಗಳ ಹಾಗೆ ತಟ್ಟೆಯಿಂದಲೇ ಬೆಳೆಯುತ್ತದೆ ಎಂದು ಒಂಬತ್ತು ವರ್ಷದ ಹಿಂದೆಯೇ ನೀನು ಹೇಳಿದ್ದೆ.

ಅಂದಿನ ಸಭೆಯನ್ನು ನೀನು ಮರೆತಿರಲಾರೆ. ರೇಡಿಯೊ ಚಿತ್ರ ಮಸುಕಾಗಿ ಬಂದಾಗ ನಾವೊಂದು ಅಂದಾಜು ರೂಪ ಕೊಟ್ಟು, ಅದರ ಆಸರೆಯಲ್ಲಿ ಗಾಳಿಯ ಕದಲಿಕೆಯಿಂದಾದ ಮಸುಕನ್ನು ತಿದ್ದುತ್ತೇವಲ್ಲ. ನೀನು ಕೊಟ್ಟ ಅಂದಾಜು ತಟ್ಟೆಯದ್ದೇ ಆಗಿತ್ತು. "ತಟ್ಟೆ ಕೊಟ್ಟೆ, ತಟ್ಟೆ ಬಂತು. ಇದರಲ್ಲಿ ಆಕಾಶದ ಪಾಲೆಷ್ಟು ತಾಯಿ?" ಎಂದು ನಾನು ಎಲ್ಲರೆದುರು ಕೇಳಿದೆ. ಮೇಜಿನ ಸುತ್ತ ನಗು. ನೀನು ಹಾಳೆಗಳನ್ನು ಜೋಡಿಸಿಕೊಳ್ಳುತ್ತ, "ಆಯ್ತು ಬಿಡೇ, ಅನುಮಾನದಮ್ಮ" ಎಂದೆ. ಬೇಸಿಗೆ ಮುಗಿಯುವುದರೊಳಗೆ ನೀನು ಸಂಶೋಧನೆ ಬಿಟ್ಟು ಶಾಲೆಯ ಕೆಲಸ ಹಿಡಿದೆ.

ಈ ಸಲ ಮೂರು ಪಟ್ಟು ಆಂಟೆನಾಗಳಿದ್ದವು. ತಟ್ಟೆಯ ಸುಳಿವೇ ಕೊಡದೆ, ಬರೀ ಒಂದು ಚುಕ್ಕಿಯನ್ನು ಅಂದಾಜಾಗಿ ಕೊಟ್ಟು ನಾನು ಶುರುಮಾಡಿದೆ. ನಾಲ್ಕನೇ ಸುತ್ತಿನ ತಿದ್ದುಪಡಿಗೆ ಚುಕ್ಕಿಯ ಅಕ್ಕಪಕ್ಕ ಎರಡು ಅಂಚುಗಳು ಎದ್ದು ನಿಂತವು. ನಮ್ಮ ಮುಖ್ಯಸ್ಥರು ಕನ್ನಡಕವನ್ನು ಹಣೆಗೇರಿಸಿ, "ಇದು ಹೊರಗೆ ಚಿಮ್ಮೋ ಅನಿಲ ಅಲ್ಲ ತಾನೇ?" ಎಂದರು.

"ಅಲ್ಲ ಸರ್. ಚಿಮ್ಮೋದು ಇದಕ್ಕೆ ಅಡ್ಡಡ್ಡ ಹೋಗ್ತಿದೆ, ನೋಡಿ."

"ಹಾಗಾದ್ರೆ ಆ ಮೇಡಂ ಆವತ್ತೇ ಸರಿಯಾಗಿ ಹೇಳಿದ್ರಲ್ರೀ!"

"ಹೇಳಿದ್ಲು ಸರ್."

ಪ್ರಬಂಧದಲ್ಲಿ ಮೊದಲ ಹೆಸರು ನಿನ್ನದು. ಒಪ್ಪಿಗೆ ಪತ್ರ ಜೊತೆಗಿದೆ, ಸಹಿ ಹಾಕಿ ಕಳಿಸು. ಮೊಂಡುತನವನ್ನು ಬೇರೆ ಕಡೆ ತೋರಿಸು. ಚಿತ್ರವನ್ನು ನಿನ್ನ ಎಂಟನೇ ತರಗತಿಯ ಗೋಡೆಗೆ ಅಂಟಿಸು. ಮಕ್ಕಳು ದೋಸೆ ಎಂದರೂ ಬೈಯಬೇಡ. ನಿನಗೂ ಮನೆಯವರಿಗೂ ಒಳ್ಳೆಯದಾಗಲಿ.

ನಿನ್ನ
ಅನುಮಾನದಮ್ಮ

ವಿ.ಸೂ.: ಇದು ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು. ಆ ಸಭೆಯಾದ ಮೂರನೇ ದಿನ ನಿನ್ನ ಹಳೆಯ ದತ್ತಾಂಶಕ್ಕೂ ಚುಕ್ಕಿ ಕೊಟ್ಟು ನೋಡಿದ್ದೆ. ಅಂಚುಗಳು ಬಂದಿದ್ದವು; ಮಸುಕಾಗಿ, ಆದರೆ ಅದೇ ಜಾಗದಲ್ಲಿ. ನೀನಿನ್ನೂ ಪಕ್ಕದ ಕೋಣೆಯಲ್ಲೇ ಇದ್ದೆ, ನಡುವಿನ ಬಾಗಿಲು ತೆರೆದೇ ಇತ್ತು. ನಾನು ಎದ್ದು ಬರಲಿಲ್ಲ. ಆ ಚಿತ್ರವನ್ನೂ ಇದರಲ್ಲಿ ಇಟ್ಟಿದ್ದೇನೆ. ಅದರ ಮೂಲೆಯ ತಾರೀಖು ನೋಡಿದ ಮೇಲೆ, ನನ್ನ ಹೆಸರಿನ ಪಕ್ಕ ನಿನ್ನ ಸಹಿ ಇರಬೇಕೋ ಬೇಡವೋ ನೀನೇ ತೀರ್ಮಾನಿಸು.